ಬಳ್ಳಾರಿಯ ಬಿಸಿಲೂ ಕ್ಯಾಮರಾದ ಕಣ್ಣೂ

ಬಳ್ಳಾರಿಯ ಬಿಸಿಲನ್ನು ಕಂಡವರಿಗೆ ಅದರ ವರ್ಣನೆ ಬೇಕಿಲ್ಲ; ಕಾಣದವರಿಗೆ ಎಷ್ಟು ವರ್ಣಿಸಿದರೂ ಸಾಲದು. ಮೇ ತಿಂಗಳ ಮೊದಲ ದಿನಗಳಲ್ಲೊಮ್ಮೆ, ಆಗಸ್ಟ್ ತಿಂಗಳ ಎರಡನೆಯ ವಾರದಲ್ಲೊಮ್ಮೆ, ಹೀಗೆ ವರ್ಷಕ್ಕೆ ಎರಡು ಬಾರಿ ನಡುಹಗಲ ಸೂರ್ಯ ಈ ಊರಿನ ನೆತ್ತಿಯ ಮೇಲೆ ನೇರವಾಗಿ ಬಂದು ನಿಲ್ಲುತ್ತಾನೆ. ಆ ಗಳಿಗೆಯಲ್ಲಿ ನೆಟ್ಟ ಕಂಬಕ್ಕೂ ನೆರಳಿಲ್ಲ. ಉಳಿದ ದಿನಗಳಲ್ಲಿ ನೆರಳು ಇದ್ದರೂ ಅದು ಮಸಿಯಂತೆ ಕಪ್ಪು; ಬಿಸಿಲು ಬಿದ್ದ ಬಂಡೆ ಸುಣ್ಣದಂತೆ ಬಿಳುಪು. ಇವೆರಡರ ನಡುವೆ ಕಣ್ಣು ಹೇಗೋ ಸಂಧಾನ ಮಾಡಿಕೊಂಡು ಮುಂದೆ ಸಾಗುತ್ತದೆ. ಕ್ಯಾಮರಾ ಮಾತ್ರ ತಡವರಿಸುತ್ತದೆ.

ಹೊಸ ಕ್ಯಾಮರಾವನ್ನು ಹೆಗಲಿಗೇರಿಸಿ ಕೋಟೆಗುಡ್ಡ ಹತ್ತುವ ಪ್ರವಾಸಿಗರ ಅನುಭವ ಬಹುಮಟ್ಟಿಗೆ ಒಂದೇ ತೆರನಾದುದು. ಬೆವರೊರೆಸಿಕೊಳ್ಳುತ್ತ ಮೇಲೆ ನಿಂತು ನೋಡಿದಾಗ ಊರು, ಬಯಲು, ದೂರದ ಗುಡ್ಡಸಾಲು ಎಲ್ಲವೂ ಮನಮೋಹಕ. ಮನೆಗೆ ಬಂದು ಚಿತ್ರ ತೆರೆದಾಗ ಆಕಾಶ ಬರಿಯ ಬಿಳಿಯ ಹಾಳೆ. ಕೋಟೆಯ ಗೋಡೆ ಕಿತ್ತಳೆಹಣ್ಣಿನ ಬಣ್ಣ. ಕಮಾನಿನ ಕೆಳಗೆ ನಿಂತ ಗೆಳೆಯನ ಮುಖವಿದ್ದ ಜಾಗದಲ್ಲಿ ಒಂದು ಕಪ್ಪು ಕಲೆ. ಕ್ಯಾಮರಾ ಸುಳ್ಳು ಹೇಳಿತೆ? ಇಲ್ಲ. ಅದು ತನಗೆ ಹೇಳಿಕೊಟ್ಟ ಪಾಠವನ್ನು ಒಪ್ಪಿಸಿತು, ಅಷ್ಟೆ. ಆ ಪಾಠವನ್ನು ಬರೆದವರು ಬಳ್ಳಾರಿಯನ್ನು ಕಂಡವರಲ್ಲ ಎಂಬುದೇ ಇಲ್ಲಿಯ ತೊಡಕು.

ಬೆಳಕಿನ ಹಂಚಿಕೆ

ಕ್ಯಾಮರಾದ ಒಳಗಿರುವ ಸಂವೇದಕವು ಬೆಳಕನ್ನು ಸೇರಿನಿಂದ ಅಳೆಯುವಂತೆ ಅಳೆಯುತ್ತದೆ. ಎರಡು ಪಟ್ಟು ಬೆಳಕು ಬಿದ್ದರೆ ಎರಡು ಪಟ್ಟು ಲೆಕ್ಕ. ಮನುಷ್ಯನ ಕಣ್ಣಿನ ರೀತಿ ಬೇರೆ. ಕತ್ತಲಲ್ಲಿ ಅದು ಅಲ್ಪ ವ್ಯತ್ಯಾಸವನ್ನೂ ಗುರುತಿಸುತ್ತದೆ. ಬೆಳಕಿನಲ್ಲಿ ಬಹು ದೊಡ್ಡ ವ್ಯತ್ಯಾಸವನ್ನೂ ಉದಾಸೀನದಿಂದ ನೋಡುತ್ತದೆ. ಯಂತ್ರದ ಲೆಕ್ಕವನ್ನು ಕಣ್ಣಿಗೆ ಒಪ್ಪುವ ಚಿತ್ರವನ್ನಾಗಿ ಮಾಡಬೇಕಾದರೆ ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಛಾಯಾವಕ್ರರೇಖೆ. ವಾಡಿಕೆಯ ಮಾತಿನಲ್ಲಿ ಟೋನ್ ಕರ್ವ್.

ಅಡ್ಡಗೆರೆಯ ಮೇಲೆ ಒಳಬಂದ ಬೆಳಕು, ನಿಲುಗೆರೆಯ ಮೇಲೆ ಚಿತ್ರದಲ್ಲಿ ಕಾಣಬೇಕಾದ ಬೆಳಕು. ಇವೆರಡನ್ನು ಜೋಡಿಸುವ ಗೆರೆಯೇ ಈ ವಕ್ರರೇಖೆ. ಗೆರೆ ಮೂಲೆಯಿಂದ ಮೂಲೆಗೆ ನೇರವಾಗಿದ್ದರೆ ಚಿತ್ರ ಇದ್ದಂತೆಯೇ ಇರುತ್ತದೆ. ನಡುವೆ ಕಡಿದಾಗಿ ಏರಿ, ಎರಡು ತುದಿಗಳಲ್ಲಿ ಮಲಗಿದರೆ ಚಿತ್ರಕ್ಕೆ ಕಸುವು ಬರುತ್ತದೆ. ಇಂಗ್ಲಿಷಿನ ಎಸ್ ಅಕ್ಷರವನ್ನು ಹೋಲುವ ಈ ಆಕಾರವನ್ನೇ ಬಹುತೇಕ ಕ್ಯಾಮರಾಗಳು ತಾವಾಗಿ ಬಳಸುತ್ತವೆ.

ಇದರ ಮರ್ಮವನ್ನು ಬಳ್ಳಾರಿ ಸೀಮೆಯ ರೈತನಿಗೆ ವಿವರಿಸುವುದು ಸುಲಭ. ತುಂಗಭದ್ರಾ ಕಾಲುವೆಯಲ್ಲಿ ಹರಿಯುವ ನೀರು ಇಷ್ಟೇ ಎಂದು ಗೊತ್ತಾದ ಮೇಲೆ, ಮೇಲ್ಭಾಗದ ಹೊಲಕ್ಕೆ ಹೆಚ್ಚು ಹರಿದರೆ ಕೊನೆಯ ಭಾಗದ ಹೊಲಕ್ಕೆ ಕಡಿಮೆಯಾಗಲೇಬೇಕು. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಪ್ರತಿಯೊಂದು ಬಣ್ಣಕ್ಕೂ ಇರುವ ಮೆಟ್ಟಿಲುಗಳು 256 ಮಾತ್ರ. ನಡುವಿನ ಛಾಯೆಗಳಿಗೆ ಹೆಚ್ಚು ಮೆಟ್ಟಿಲು ಕೊಟ್ಟರೆ ನೆರಳಿಗೂ ಬೆಳಕಿಗೂ ಉಳಿಯುವುದು ಕಡಿಮೆ. ಆದುದರಿಂದ ವಕ್ರರೇಖೆಯ ಆಯ್ಕೆಯೆಂದರೆ ಅಲಂಕಾರವಲ್ಲ, ಹಂಚಿಕೆ. ಈ ಚಿತ್ರದಲ್ಲಿ ಕಾಲುವೆಯ ಕೊನೆಯಲ್ಲಿ ಇರುವವರು ಯಾರು ಎಂಬ ಪ್ರಶ್ನೆಯನ್ನು ಛಾಯಾಗ್ರಾಹಕ ಮೊದಲು ಕೇಳಿಕೊಳ್ಳಬೇಕು.

ಒಂದು ಉಪಾಯವಿದೆ. ಜೆಪೆಗ್ ಜೊತೆಗೆ ರಾ ಎಂಬ ಕಚ್ಚಾ ಕಡತವನ್ನೂ ಉಳಿಸಿಕೊಳ್ಳುವ ಏರ್ಪಾಡು ಅನೇಕ ಕ್ಯಾಮರಾಗಳಲ್ಲಿ ಉಂಟು. 14 ಬಿಟ್ಟಿನ ಕಚ್ಚಾ ಕಡತದಲ್ಲಿ ಮೆಟ್ಟಿಲುಗಳ ಸಂಖ್ಯೆ 16,384. ಅದನ್ನು ಜಲಾಶಯವೆಂದು ತಿಳಿದರೆ ಜೆಪೆಗ್ ಎಂಬುದು ಈಗಾಗಲೇ ಹಂಚಿಹೋದ ನೀರು. ಜಲಾಶಯವಿದ್ದರೆ ಹಂಚಿಕೆಯನ್ನು ಮನೆಯಲ್ಲಿ ಸಾವಧಾನವಾಗಿ ಬದಲಿಸಬಹುದು. ಆದರೆ ಉರಿಬಿಳುಪಾಗಿ ತುಂಬಿ ಹರಿದುಹೋದ ಬೆಳಕನ್ನು ಜಲಾಶಯವೂ ಹಿಂದಕ್ಕೆ ಕೊಡಲಾರದು.

ಹಳೆಯ ಚಿತ್ರಗಳ ಪಾಠ

ಈ ಸಮಸ್ಯೆ ಇಂದು ನಿನ್ನೆಯದಲ್ಲ. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪೆಯ ಚಿತ್ರಗಳನ್ನು ತೆಗೆದನು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗುವವರೆಗೆ ಹಂಪೆಯೂ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಅದೇ ಬಂಡೆ, ಅದೇ ಬಿಸಿಲು. ಗ್ರೀನ್‌ಲಾ ಬಳಸಿದ್ದು ಮೇಣ ಸವರಿದ ಕಾಗದದ ನೆಗೆಟಿವ್. ಆ ಕಾಲದ ರಾಸಾಯನಿಕಕ್ಕೆ ನೀಲಿ ಮತ್ತು ನೇರಳೆಯ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕೆಂಪಿಗೆ ಅದು ಕುರುಡು. ಅದರ ಫಲವಾಗಿ ಅಂದಿನ ಚಿತ್ರಗಳಲ್ಲಿ ನೀಲಿಯ ಆಕಾಶ ಬರಿದಾದ ಬಿಳುಪು. ಕೆಂಪು ಮಣ್ಣೂ ಹಸಿರು ಎಲೆಯೂ ಇರಬೇಕಾದುದಕ್ಕಿಂತ ಕಪ್ಪು. ಬಣ್ಣಗಳ ಆಯ್ಕೆಯ ಗುಂಡಿ ಆ ಕ್ಯಾಮರಾದಲ್ಲಿ ಇರಲಿಲ್ಲ. ಆಯ್ಕೆಯನ್ನು ರಾಸಾಯನಿಕವೇ ಮಾಡಿಬಿಡುತ್ತಿತ್ತು.

1873ರಲ್ಲಿ ಜರ್ಮನಿಯ ಹೆರ್ಮನ್ ಫೋಗೆಲ್ ಎಂಬ ವಿದ್ವಾಂಸನು ಫಲಕಕ್ಕೆ ವರ್ಣದ್ರವ್ಯವನ್ನು ಬೆರೆಸಿ ಹಸಿರನ್ನೂ ಕಾಣುವಂತೆ ಮಾಡಬಹುದೆಂದು ಕಂಡುಕೊಂಡನು. 1890ರಲ್ಲಿ ಇಂಗ್ಲೆಂಡಿನಲ್ಲಿ ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬ ಇಬ್ಬರು, ಬಿದ್ದ ಬೆಳಕಿಗೂ ಫಲಕದ ಕಪ್ಪಿಗೂ ಇರುವ ಸಂಬಂಧವನ್ನು ಒಂದು ಗೆರೆಯಲ್ಲಿ ಬರೆದು ತೋರಿಸಿದರು. ಕೆಳಗೆ ಪಾದ, ನಡುವೆ ನೇರವಾದ ಮೈ, ಮೇಲೆ ಹೆಗಲು: ಇಂದಿನ ಕ್ಯಾಮರಾದ ಪರದೆಯಲ್ಲಿ ಬೆರಳಿನಿಂದ ಎಳೆಯುವ ವಕ್ರರೇಖೆಗೆ ಮೂಲಪುರುಷರು ಇವರೇ.

ಆದರೂ ಗ್ರೀನ್‌ಲಾನ ಚಿತ್ರಗಳ ಬೆಲೆ ಕಡಿಮೆಯಾಗಲಿಲ್ಲ. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಅವೇ ಸ್ಥಳಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ಸೆರೆಹಿಡಿದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಆ ನಡುವಣ ಕಾಲದಲ್ಲಿ ಏನು ಉಳಿಯಿತು, ಏನು ಅಳಿಯಿತು ಎಂಬುದು ತಿಳಿಯುತ್ತದೆ. ಆಕಾಶ ಬರಿದಾಗಿದ್ದರೂ ಆ ಹಳೆಯ ಕಾಗದ ಕಲ್ಲನ್ನು ಕಾಪಾಡಿತು. ಪ್ರವಾಸಿಯ ಚಿತ್ರವೊಂದು ನೂರು ವರ್ಷಗಳ ತರುವಾಯ ಸಾಕ್ಷಿಯಾಗಿ ನಿಲ್ಲಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಕೋಟೆಗುಡ್ಡದ ಮೇಲೆ

ಬಳ್ಳಾರಿಯ ಮೇಲುಕೋಟೆಯನ್ನು ಹನುಮಪ್ಪ ನಾಯಕನೆಂಬ ಪಾಳೆಯಗಾರ ಕಟ್ಟಿಸಿದನೆಂದೂ, ಹೈದರಾಲಿಯ ಕಾಲದಲ್ಲಿ ಫ್ರೆಂಚ್ ಎಂಜಿನಿಯರನೊಬ್ಬನ ಮೇಲ್ವಿಚಾರಣೆಯಲ್ಲಿ ಕೋಟೆ ವಿಸ್ತಾರಗೊಂಡಿತೆಂದೂ ಹೇಳುತ್ತಾರೆ. ಎದುರಿನ ಕುಂಬಾರಗುಡ್ಡ ಕೋಟೆಗಿಂತ ಎತ್ತರವೆಂಬುದು ಕೆಲಸ ಮುಗಿದ ಮೇಲೆ ತಿಳಿದು, ಆ ಬಡಪಾಯಿಯನ್ನು ಹೈದರಾಲಿ ಗಲ್ಲಿಗೇರಿಸಿದನೆಂಬ ಕತೆ ಊರಿನಲ್ಲಿ ಇಂದಿಗೂ ಪ್ರಚಲಿತ. ಕತೆ ನಿಜವೋ ಅಲ್ಲವೋ, ಛಾಯಾಗ್ರಾಹಕನಿಗೆ ಅದರಲ್ಲಿ ನೀತಿಯುಂಟು: ಕೋಟೆಯೊಂದನ್ನೇ ನೋಡಿ ಲೆಕ್ಕ ಹಾಕಬಾರದು, ಎದುರಿಗೆ ಏನಿದೆಯೆಂಬುದನ್ನೂ ನೋಡಬೇಕು. ಇಲ್ಲಿ ಎದುರಿಗಿರುವುದು ಆಕಾಶ.

ಬಿಸಿಲು ಕಾದ ಬೆಣಚುಬಂಡೆಯೂ ಮಂಜುಮುಸುಕಿದ ಆಕಾಶವೂ ಸೇರಿದ ದೃಶ್ಯದಲ್ಲಿ ಕಾಲುವೆಯ ಕೊನೆಯವರು ಬಿಳುಪಿನ ಬಳಿಯ ಛಾಯೆಗಳು. ಆದುದರಿಂದ ಕ್ಯಾಮರಾದ ಬಣ್ಣದ ಕ್ರಮಗಳಲ್ಲಿ ‘ವಿವಿಡ್’ ಅಥವಾ ‘ಲ್ಯಾಂಡ್‌ಸ್ಕೇಪ್’ ಎಂಬವನ್ನು ಬಿಟ್ಟು ‘ನ್ಯೂಟ್ರಲ್’ ಎಂಬುದನ್ನು ಆಯ್ದುಕೊಳ್ಳುವುದು ಕ್ಷೇಮ. ಅದರಲ್ಲಿ ವಕ್ರರೇಖೆ ಸೌಮ್ಯ. ಹೆಗಲು ಬೇಗನೆ ಕುಸಿಯುವುದಿಲ್ಲ. ಬೆಳಕಿನ ಪ್ರಮಾಣವನ್ನು ಯಂತ್ರ ಹೇಳಿದುದಕ್ಕಿಂತ ಮೂರನೆಯ ಒಂದು ಸ್ಟಾಪಿನಿಂದ ಮೂರನೆಯ ಎರಡು ಸ್ಟಾಪಿನವರೆಗೆ ಇಳಿಸಬೇಕು. ಮಿತಿ ಮೀರಿದ ಬಿಳುಪನ್ನು ಮಿಣುಕಿಸಿ ತೋರುವ ಎಚ್ಚರಿಕೆಯ ಸೌಲಭ್ಯವಿದ್ದರೆ ಅದನ್ನು ತೆರೆದಿಡಬೇಕು. ಬಂಡೆ ಮಿಣುಕಿದರೆ ಮತ್ತೊಮ್ಮೆ ತೆಗೆಯತಕ್ಕದ್ದು.

ಬಂಡೆಯ ನಿಜವಾದ ಬಣ್ಣ ಬೂದಿಗೆ ನಸುಗೆಂಪು ಬೆರೆತಂತಹುದು. ವರ್ಣಸಾಂದ್ರತೆಯನ್ನು ಏರಿಸಿದರೆ ಆ ನಸುಗೆಂಪೇ ಕಿತ್ತಳೆಯಾಗಿ ಕೋಟೆಗೆ ನಾಟಕದ ಪರದೆಯ ಕಳೆ ಬರುತ್ತದೆ. ಆಕಾಶಕ್ಕೆ ನೀಲಿ ಬೇಕೆಂದಾದರೆ ಬಣ್ಣದ ಗುಂಡಿಯನ್ನು ತಿರುಗಿಸುವುದಕ್ಕಿಂತ ಮಸೂರದ ಮುಂದೆ ಪೋಲರೈಸರ್ ಗಾಜನ್ನು ಹಾಕುವುದು ಮೇಲು. ಸೂರ್ಯನಿಗೆ ಲಂಬಕೋನದಲ್ಲಿರುವ ಆಕಾಶದ ಮೇಲೆ ಅದರ ಪರಿಣಾಮ ಅತ್ಯಧಿಕ. ಸೂರ್ಯ ನೆತ್ತಿಯ ಮೇಲಿರುವ ಹೊತ್ತಿನಲ್ಲಿ ದಿಗಂತದ ಸುತ್ತಲಿನ ಆಕಾಶವೆಲ್ಲವೂ ಅಂತಹ ಕೋನದಲ್ಲಿಯೇ ಇರುತ್ತದೆ. ಬಳ್ಳಾರಿಯ ಕ್ರೂರ ಮಧ್ಯಾಹ್ನ ಛಾಯಾಗ್ರಾಹಕನಿಗೆ ಮಾಡುವ ಒಂದೇ ಉಪಕಾರ ಇದು.

ಕಪ್ಪು ಕಲ್ಲಿನ ಮೇಲಿನ ಗೀರು

ಊರಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಸಂಗನಕಲ್ಲು, ಕುಪ್ಪಗಲ್ಲು ಗ್ರಾಮಗಳ ಗುಡ್ಡಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿ ನವಶಿಲಾಯುಗದ ನೆಲೆಯನ್ನು ಗುರುತಿಸಿದನು. ಬೆಣಚುಗುಡ್ಡವನ್ನು ಸೀಳಿಕೊಂಡು ಹೋಗುವ ಡೋಲರೈಟ್ ಎಂಬ ಕರಿಗಲ್ಲಿನ ಪಟ್ಟಿಯ ಮೇಲೆ ಪ್ರಾಚೀನರು ಕಲ್ಲಿನಿಂದ ಕುಟ್ಟಿ ಕುಟ್ಟಿ ಉದ್ದ ಕೊಂಬಿನ ದನಗಳನ್ನೂ ಮನುಷ್ಯರ ಆಕೃತಿಗಳನ್ನೂ ಮೂಡಿಸಿದ್ದಾರೆ. ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳೂ ಅಲ್ಲಿವೆ. ಈ ಚಿತ್ರಗಳ ವಿಷಯವನ್ನು ಎಫ್. ಫಾಸೆಟ್ 1892ರಲ್ಲಿಯೇ ಪ್ರಕಟಿಸಿದ್ದನು.

ಇಲ್ಲಿ ಕೋಟೆಗುಡ್ಡದ ಪಾಠ ತಲೆಕೆಳಗಾಗುತ್ತದೆ. ಕುಟ್ಟಿದ ಗುರುತು ಆಳವಿಲ್ಲ. ಕರಿಯ ಕಲ್ಲಿನ ಮೇಲೆ ಅದಕ್ಕಿಂತ ಒಂದಿಷ್ಟು ತಿಳಿಯಾದ ಬಣ್ಣ, ಅಷ್ಟೆ. ಕಪ್ಪಿಗೂ ಅರೆಗಪ್ಪಿಗೂ ಇರುವ ಆ ಅಂತರವನ್ನು ಸಾಧಾರಣ ವಕ್ರರೇಖೆಯ ಮಲಗಿದ ಪಾದ ನುಂಗಿಬಿಡುತ್ತದೆ. ಇಲ್ಲಿ ಕಾಲುವೆಯ ಕೊನೆಯವರು ನೆರಳಿನ ಛಾಯೆಗಳು. ಕ್ಯಾಮರಾದ ಬೆಳಕುಮಾಪಕ ಕಪ್ಪು ಕಲ್ಲನ್ನು ಕಂಡರೆ ಅದನ್ನು ನಡುಬೂದಿಯನ್ನಾಗಿ ಮಾಡಹೊರಟು ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಬಿಳುಪಿನ ಭಾಗ ಚಿತ್ರದಲ್ಲಿ ಇಲ್ಲವಾದರೆ ಅದಕ್ಕೆ ಅಡ್ಡಿ ಮಾಡಬೇಕಾದುದಿಲ್ಲ. ಬೆಳಕು ಹೆಚ್ಚಾಗಿಯೇ ದಾಖಲಾಗಲಿ; ಆಮೇಲೆ ಕಚ್ಚಾ ಕಡತದಲ್ಲಿ ಚಿತ್ರವನ್ನು ಇಳಿಸಿ, ಗೀರು ಮತ್ತು ಕಲ್ಲು ಇವೆರಡರ ಛಾಯೆಗಳು ಬೀಳುವ ಭಾಗದಲ್ಲಿ ಮಾತ್ರ ವಕ್ರರೇಖೆಯನ್ನು ಕಡಿದುಮಾಡಿದರೆ ದನದ ಕೊಂಬು ಮೆಲ್ಲನೆ ಎದ್ದು ಬರುತ್ತದೆ. ಬೆಳಗಿನ ಅಥವಾ ಸಂಜೆಯ ಓರೆಬೆಳಕೂ ನೆರವಾಗುತ್ತದೆ.

ಈ ಶ್ರಮ ಚಂದಕ್ಕಾಗಿ ಅಲ್ಲ. ಕಲ್ಲು ಒಡೆಯುವ ಕೆಲಸದಿಂದ ಈ ಗುಡ್ಡಕ್ಕೆ ಪೆಟ್ಟುಬಿದ್ದಿದೆ. ಈ ಶತಮಾನದ ಆದಿಯಲ್ಲಿ ಇಲ್ಲಿ ದುಡಿದ ಪುರಾತತ್ತ್ವಜ್ಞರು ಚಿತ್ರಗಳ ಉಳಿವಿನ ಬಗೆಗೆ ಕಳವಳ ವ್ಯಕ್ತಪಡಿಸಿದ್ದರು. ಒಡೆದ ಬಂಡೆ ಮತ್ತೆ ಕೂಡುವುದಿಲ್ಲ. ಆಗ ಉಳಿಯುವುದು ಯಾರೋ ಒಬ್ಬ ಪ್ರವಾಸಿಯ ಚಿತ್ರವೇ ಆದರೆ, ಅದರಲ್ಲಿ ಗೀರು ಕಾಣಬೇಕೇ ಹೊರತು ಬರಿಯ ಕಪ್ಪಲ್ಲ.

ಕುರುಗೋಡಿನ ದೀಪ

ಬಳ್ಳಾರಿಯಿಂದ ಉತ್ತರಕ್ಕೆ ಹೊರಟರೆ ಬೋಳುಗುಡ್ಡಗಳ ಮಡಿಲಲ್ಲಿ ಕುರುಗೋಡು ಸಿಕ್ಕುತ್ತದೆ. ಒಂದು ಕಾಲದಲ್ಲಿ ಸಿಂದರ ರಾಜಧಾನಿಯಾಗಿದ್ದ ಈ ಊರಿನಲ್ಲಿ ಚಾಲುಕ್ಯ ಶೈಲಿಯ ಹಲವು ಗುಡಿಗಳು ಉಳಿದಿವೆ. ಆದರೆ ಜನ ಬರುವುದು ದೊಡ್ಡಬಸವೇಶ್ವರನನ್ನು ಕಾಣಲು. ಬೇರೆಡೆ ಶಿವನ ಎದುರು ಕುಳಿತಿರುವ ನಂದಿ ಇಲ್ಲಿ ತಾನೇ ಗರ್ಭಗುಡಿಯ ಒಡೆಯ. ಏಕಶಿಲೆಯ ಭಾರಿ ವಿಗ್ರಹ.

ಹೊರಗಿನ ಅಂಗಳದಲ್ಲಿ ಲಕ್ಷ ಲಕ್ಸ್ ಬಿಸಿಲಿದ್ದರೆ ಒಳಗೆ ಐವತ್ತು ಲಕ್ಸ್ ಬೆಳಕಿರುವುದೂ ಕಷ್ಟ. ಅಂತರ ಎರಡು ಸಾವಿರ ಪಟ್ಟು. ಯಾವ ವಕ್ರರೇಖೆಯೂ ಇವೆರಡನ್ನು ಒಂದೇ ಚಿತ್ರದಲ್ಲಿ ನ್ಯಾಯವಾಗಿ ಹಂಚಲಾರದು. ಮೊಬೈಲ್ ಫೋನುಗಳು ಒಂದರ ಮೇಲೊಂದು ಹಲವು ಚಿತ್ರಗಳನ್ನು ತೆಗೆದು ಬೆಸೆದು ಎಲ್ಲವನ್ನೂ ಸಮನಾಗಿ ಬೆಳಗಿಸುತ್ತವೆ. ನೋಡುವುದಕ್ಕೆ ಅನುಕೂಲವೇ, ಆದರೆ ಗರ್ಭಗುಡಿಯ ಕತ್ತಲೆ ಹೋದ ಮೇಲೆ ಗರ್ಭಗುಡಿ ಎಲ್ಲಿ ಉಳಿಯಿತು? ಅಲ್ಲಿ ಕತ್ತಲೆಯೂ ಕಟ್ಟಡದ ಒಂದು ಅಂಗ. ಚಿತ್ರ ತೆಗೆಯಲು ಅನುಮತಿ ದೊರೆತರೆ, ಒಳಗಿನದಕ್ಕೆ ಒಂದು, ಹೊರಗಿನದಕ್ಕೆ ಒಂದು ಎಂದು ಬೇರೆ ಬೇರೆ ತೆಗೆಯುವುದು ಲೇಸು.

ಬಣ್ಣದ ವಿಷಯದಲ್ಲಿ ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಿಂದ ಅಳೆಯುತ್ತಾರೆ. ಹಗಲಿನ ಬಿಸಿಲು ಸುಮಾರು 5,500. ತೆರೆದ ಆಕಾಶದ ಕೆಳಗಿನ ನೆರಳು 7,000ಕ್ಕೂ ಮೇಲೆ. ಎಣ್ಣೆಯ ದೀಪ ಸುಮಾರು 2,000 ಮಾತ್ರ. ಬಿಳಿಸಮತೋಲವನ್ನು ಯಂತ್ರದ ಇಚ್ಛೆಗೆ ಬಿಟ್ಟರೆ ಅದು ದೀಪದ ಹೊಂಬಣ್ಣವನ್ನು ದೋಷವೆಂದು ಬಗೆದು ತೊಳೆಯಹೊರಡುತ್ತದೆ. ಬಿಸಿಲಿನ ಅಳತೆಯಲ್ಲಿಯೇ ನಿಲ್ಲಿಸಿದರೆ ಎಲ್ಲವೂ ಕಡುಕಿತ್ತಳೆ. ಎರಡರ ನಡುವೆ, 3,500ರ ಆಸುಪಾಸಿನಲ್ಲಿ ಇಟ್ಟರೆ ಕಲ್ಲು ಕಲ್ಲಾಗಿ, ದೀಪ ದೀಪವಾಗಿ ಉಳಿಯುತ್ತದೆ.

ಗುಡಿಯಿಂದ ಹೊರಗೆ ಬಂದರೆ ಸುಗ್ಗಿಯ ಕಾಲದಲ್ಲಿ ಈ ಸೀಮೆಯ ಕಣಗಳಲ್ಲಿ ಒಣಗುವ ಕೆಂಪು ಮೆಣಸಿನಕಾಯಿಯ ಹಾಸು ಕಣ್ಣು ಕುಕ್ಕುತ್ತದೆ. ಪ್ರವಾಸಿಯ ಕೈ ತಾನಾಗಿಯೇ ವರ್ಣಸಾಂದ್ರತೆಯ ಗುಂಡಿಗೆ ಹೋಗುವ ಸ್ಥಳ ಇದು. ಚಿತ್ರ ಕೆಂಪು, ಹಸಿರು, ನೀಲಿ ಎಂಬ ಮೂರು ಹೊನಲುಗಳಿಂದ ಕೂಡಿದುದು. ಮೊದಲೇ ತುಂಬಿರುವ ಕೆಂಪಿನ ಹೊನಲಿಗೆ ಮತ್ತಷ್ಟು ಸುರಿದರೆ ಅದು 255ರ ದಂಡೆಗೆ ಬಡಿದು ನಿಲ್ಲುತ್ತದೆ. ಆಗ ಕಾಯಿಯ ಸುಕ್ಕಿಲ್ಲ, ಹೊಳಪಿಲ್ಲ, ಒಂದು ಕಾಯಿಗೂ ಮತ್ತೊಂದಕ್ಕೂ ಭೇದವಿಲ್ಲ. ಕೆಂಪು ಬಣ್ಣ ಚೆಲ್ಲಿದ ನೆಲ ಮಾತ್ರ. ವಿಚಿತ್ರವೆನಿಸಿದರೂ ನಿಜ: ಸಾಂದ್ರತೆಯನ್ನು ಒಂದು ಅಂಶ ಇಳಿಸಿದಾಗಲೇ ಮೆಣಸಿನಕಾಯಿ ಕೆಂಪಾಗಿ ಕಾಣುತ್ತದೆ. ಬಳ್ಳಾರಿಯ ಪ್ರಸಿದ್ಧ ಜೀನ್ಸ್ ಬಟ್ಟೆಯ ಕಡುನೀಲಿಗೂ ಇದೇ ಮಾತು. ಮೂರು ಹೊನಲುಗಳನ್ನು ಬೇರೆ ಬೇರೆಯಾಗಿ ತೋರುವ ಹಿಸ್ಟೋಗ್ರಾಮ್ ನಕ್ಷೆಯನ್ನು ಒಮ್ಮೆ ನೋಡುವ ಅಭ್ಯಾಸವಿದ್ದರೆ ಸಾಕು.

ಸಿರುಗುಪ್ಪದ ಹಸಿರು

ಇನ್ನೂ ಉತ್ತರಕ್ಕೆ, ಬಳ್ಳಾರಿಯಿಂದ ಐವತ್ತು ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿ ಸಿರುಗುಪ್ಪ. ಬೋಳುಬಂಡೆಗಳ ನಾಡಿನಿಂದ ಇಲ್ಲಿಗೆ ಬಂದವನಿಗೆ ಬೇರೊಂದು ಲೋಕಕ್ಕೆ ಬಂದಂತಾಗುತ್ತದೆ. ತುಂಗಭದ್ರೆಯ ನೀರು, ವಿಜಯನಗರದ ಅರಸರ ಕಾಲದ ಕಾಲುವೆಗಳು, ಕಣ್ಣು ಹಾಯುವವರೆಗೆ ಭತ್ತ. ಎಳೆಯ ಪೈರಿನ ಹಸಿರಿನಲ್ಲಿ ಹಳದಿಯ ಅಂಶ ಹೆಚ್ಚು. 1990ರಲ್ಲಿ ಫ್ಯೂಜಿ ಸಂಸ್ಥೆ ಹೊರತಂದ ವೆಲ್ವಿಯ ಎಂಬ ಫಿಲ್ಮು ಗಾಢವಾದ ಹಸಿರಿಗಾಗಿ ಲೋಕಪ್ರಸಿದ್ಧವಾಯಿತು. ಇಂದು ಅದೇ ಹೆಸರು ಆ ಸಂಸ್ಥೆಯ ಕ್ಯಾಮರಾಗಳಲ್ಲಿ ಬಣ್ಣದ ಒಂದು ಕ್ರಮವಾಗಿ ಉಳಿದಿದೆ. ಮಳೆಗಾಲದ ಮಂಕು ಬೆಳಕಿನಲ್ಲಿ ಅಂತಹ ಕ್ರಮ ಒಪ್ಪುವುದುಂಟು. ಬಿಸಿಲಿನಲ್ಲಿ ಬಳಸಿದರೆ ಪೈರಿಗೆ ವಿಷದ ಬಣ್ಣ ಬರುತ್ತದೆ. ಸಸಿಮಡಿಯ ಎಳೆಹಸಿರಿಗೂ ತೆನೆ ಕಟ್ಟಿದ ಗದ್ದೆಯ ಹಸಿರಿಗೂ ಭೇದ ಉಳಿಯದು. ಹೊಲ ನೋಡಿ ಬೆಳೆಯ ವಯಸ್ಸು ಹೇಳುವ ರೈತ ಅಂತಹ ಚಿತ್ರವನ್ನು ನೋಡಿ ನಕ್ಕಾನು.

ಆದರೆ ಸಿರುಗುಪ್ಪದ ಗದ್ದೆಯಲ್ಲಿ ಪೈರಿಗಿಂತ ಮುಖ್ಯವಾದುದು ಇನ್ನೊಂದಿದೆ. ನಾಟಿಯ ದಿನಗಳಲ್ಲಿ ಸಾಲಾಗಿ ಬಾಗಿ ಸಸಿ ನೆಡುವ ಹೆಂಗಸರು. ಕೆಳಗೆ ಆಕಾಶವನ್ನು ಪ್ರತಿಫಲಿಸುವ ನೀರು, ಮೇಲೆ ಬಿಸಿಲು, ಬಾಗಿದ ಮುಖ ನೆರಳಿನಲ್ಲಿ. ಕ್ಯಾಮರಾ ನೀರಿನ ಹೊಳಪನ್ನು ಕಂಡು ಹೆದರಿ ಇಡೀ ಚಿತ್ರವನ್ನು ಕತ್ತಲಾಗಿಸುತ್ತದೆ. ಮುಖಗಳು ಹೋಗಿ ಬರಿಯ ನೆರಳಿನ ಬೊಂಬೆಗಳು ಉಳಿಯುತ್ತವೆ. ಅನೇಕರು ಅದನ್ನೇ ಕಲಾತ್ಮಕವೆಂದು ತಿಳಿಯುತ್ತಾರೆ. ಮತ್ತೆ ಕೆಲವು ಫೋನುಗಳು ‘ಸೌಂದರ್ಯ’ದ ಹೆಸರಿನಲ್ಲಿ ಮುಖವನ್ನು ಬೆಳ್ಳಗೆ ಮಾಡಿ, ಬಿಸಿಲಿನಲ್ಲಿ ದುಡಿದ ಗುರುತನ್ನೆಲ್ಲ ಒರೆಸಿಬಿಡುತ್ತವೆ. ಮೊದಲನೆಯದು ಆಕೆಯನ್ನು ಅಳಿಸುತ್ತದೆ. ಎರಡನೆಯದು ಆಕೆಯ ಸ್ಥಾನದಲ್ಲಿ ಬೇರೊಬ್ಬಳನ್ನು ತಂದು ನಿಲ್ಲಿಸುತ್ತದೆ.

ಈ ಪಕ್ಷಪಾತಕ್ಕೆ ಹಳೆಯ ಚರಿತ್ರೆಯಿದೆ. ಅಮೆರಿಕದ ಕೊಡಾಕ್ ಸಂಸ್ಥೆ ಬಣ್ಣದ ಮುದ್ರಣವನ್ನು ಸರಿಹೊಂದಿಸಲು ಪ್ರಯೋಗಶಾಲೆಗಳಿಗೆ ಕಳುಹಿಸುತ್ತಿದ್ದ ಮಾದರಿ ಚಿತ್ರದಲ್ಲಿ ದಶಕಗಳ ಕಾಲ ಇದ್ದುದು ಬಿಳಿಯ ಹೆಣ್ಣಿನ ಮುಖ. ‘ಶರ್ಲಿ ಕಾರ್ಡ್’ ಎಂದೇ ಅದಕ್ಕೆ ಹೆಸರು. ಆ ಮುಖ ಸರಿಯಾಗಿ ಬಂದರೆ ಬಣ್ಣ ಸರಿಯೆಂದು ತೀರ್ಮಾನ. ಕಂದು ಬಣ್ಣದ ನಡುವಣ ಭೇದಗಳು ಸರಿಯಾಗಿ ಬರುತ್ತಿಲ್ಲವೆಂದು ಚಾಕೊಲೇಟ್ ತಯಾರಕರೂ ಮರದ ಪೀಠೋಪಕರಣದವರೂ ದೂರಿದ ಮೇಲೆ ಫಿಲ್ಮು ಸುಧಾರಿಸಿತೆಂದು ಕೆನಡದ ವಿದ್ವಾಂಸೆ ಲೋರ್ನಾ ರಾತ್ ದಾಖಲಿಸಿದ್ದಾರೆ. ಮನುಷ್ಯರ ಮುಖ ಮಾಡಿಸದ ಕೆಲಸವನ್ನು ಮಿಠಾಯಿ ಮಾಡಿಸಿತು! ಕಪ್ಪು ಮೈಬಣ್ಣವನ್ನು ಇದ್ದಂತೆ ತೋರುವುದೇ ತನ್ನ ಗುರಿಯೆಂದು ಗೂಗಲ್ ಸಂಸ್ಥೆ ತನ್ನ ಫೋನುಗಳಿಗಾಗಿ ‘ರಿಯಲ್ ಟೋನ್’ ಎಂಬ ಏರ್ಪಾಡನ್ನು ಪ್ರಕಟಿಸಿದ್ದು 2021ರಷ್ಟು ಈಚೆಗೆ.

ಗದ್ದೆಯ ಬದುವಿನ ಮೇಲೆ ನಿಂತ ಪ್ರವಾಸಿ ಮಾಡಬಹುದಾದುದು ಬಹಳ ಸರಳ. ಮೊದಲು ಅವರನ್ನು ಕೇಳುವುದು. ಬಳಿಕ ಬೆಳಕಿನ ಅಳತೆಯನ್ನು ನೀರಿನಿಂದಲ್ಲ, ಮುಖದಿಂದ ತೆಗೆದುಕೊಳ್ಳುವುದು. ನೀರಿನ ಒಂದೆರಡು ಹೊಳಪು ಉರಿದುಹೋದರೆ ಹೋಗಲಿ ಎಂದು ಬಿಡುವುದು. ‘ಪೋರ್ಟ್ರೇಟ್’ ಅಥವಾ ‘ನ್ಯೂಟ್ರಲ್’ ಕ್ರಮವನ್ನಿಟ್ಟು, ಸೌಂದರ್ಯದ ಗುಂಡಿಯನ್ನು ಮುಚ್ಚಿ, ಮನೆಯಲ್ಲಿ ವಕ್ರರೇಖೆಯ ಕೆಳಭಾಗವನ್ನು ಮುಖದ ಗೆರೆಗಳು ಕಾಣುವಷ್ಟೇ ಎತ್ತುವುದು. ಅದಕ್ಕಿಂತ ಮೇಲೆ ಎತ್ತಬಾರದು. ಕಪ್ಪು ಮುಖ ಕಪ್ಪಾಗಿಯೇ ಇದ್ದು ಸ್ಪಷ್ಟವಾಗಿ ಕಾಣಬೇಕು. ಬೆಳ್ಳಗಾದರೆ ಅದು ಬೇರೆ ಮುಖ.

ಕೋಟೆಗೆ ಒಂದು ಕ್ರಮ, ಕರಿಗಲ್ಲಿಗೆ ಇನ್ನೊಂದು, ದೀಪಕ್ಕೆ ಮತ್ತೊಂದು, ಮುಖಕ್ಕೆ ಮಗುದೊಂದು. ಎಲ್ಲಕ್ಕೂ ಸಲ್ಲುವ ಒಂದೇ ಗುಂಡಿ ಇಲ್ಲ. ಆದರೆ ಎಲ್ಲಕ್ಕೂ ಸಲ್ಲುವ ಒಂದೇ ಪ್ರಶ್ನೆ ಉಂಟು. ಸಿರುಗುಪ್ಪದಲ್ಲಿ ಕಾಲುವೆಯ ಕೊನೆಯ ಭಾಗದ ರೈತ ಬೇಸಗೆ ಬಂದಾಗಲೆಲ್ಲ ಕೇಳುವ ಪ್ರಶ್ನೆಯೇ ಅದು: ‘ನಮ್ಮ ಹೊಲದವರೆಗೆ ನೀರು ಬರುತ್ತದೆಯೆ?’ ಗುಂಡಿಯನ್ನು ಒತ್ತುವ ಮುನ್ನ ಚಿತ್ರದ ಅತ್ಯಂತ ಕತ್ತಲೆಯ ಮೂಲೆಯಿಂದಲೂ ಅತ್ಯಂತ ಬೆಳಕಿನ ಮೂಲೆಯಿಂದಲೂ ಬರುವ ಆ ಪ್ರಶ್ನೆಗೆ ಕಿವಿಗೊಟ್ಟ ಛಾಯಾಗ್ರಾಹಕನ ಚಿತ್ರದಲ್ಲಿ ಬಳ್ಳಾರಿಯ ಬಿಸಿಲು ಬಿಸಿಲಾಗಿ ಉಳಿದೀತು.